ಹಿಟ್ಟು ಮೆತ್ತಿದ ವೈರು

"ನಿಮ್ಮ ಮೋಟಾರ್ ಬಿಚ್ಕೊಂಡ ಹೋಗ್ರಿ!"

ಬೈಲಹೊಂಗಲದಿಂದ ಬಂದ ಮೋಟಾರ್ ರಿಪೇರಿಯ ಕಲ್ಮೇಶ ಬೈಕಿನಿಂದ ಇಳಿಯುವ ಮೊದಲೇ ಶೈಲಜಾ ಗುಡುಗಿದಳು. ಬಾಯಿ ಬಲು ಜೋರು ನಮ್ಮ ಹುಡುಗಿಯದು.

ಕಿತ್ತೂರಿನ ಹೈವೇ ಪಕ್ಕದ ಅವಳ ರೊಟ್ಟಿ ಅಂಗಡಿಯಲ್ಲಿ ಹೊಗೆಯೋ ಹೊಗೆ. ಮೂಲೆಯಲ್ಲಿ ಅವ್ವ ಗುರುಬಸವ್ವ ಸೆರಗು ಬಾಯಿಗೆ ಹಿಡಿದು ಕೆಮ್ಮುತ್ತಿದ್ದಳು.

ಹೊಗೆ ಹೊರಹಾಕುವ ಫ್ಯಾನಿಗೆ ತಿಂಗಳ ಹಿಂದೆ ಮೋಟಾರ್ ಹಾಕಿದವನು ಇವನೇ. ಅವಳು ದೊಡ್ಡದು ಕೇಳಿದ್ದಳು, ಇವನು ಸಣ್ಣದನ್ನೇ ಆರಿಸಿದ್ದ. "ದೊಡ್ಡದು ಒಲಿ ಉರಿನೂ ಎಳಿತೈತ್ರಿ. ಈ ಖೋಲಿಗೆ ಇದ ಸಾಕು" ಅಂದಿದ್ದ. ಇಷ್ಟು ದಿನ ಚೆನ್ನಾಗಿ ತಿರುಗಿದ್ದು ಇವತ್ತು ಹೊಗೆಯನ್ನು ಒಳಗೇ ತಳ್ಳುತ್ತಿದೆ.

"ಸಾಕವ್ವ, ಅಂಗಡಿ ಬಂದ್ ಮಾಡು," ಅಂದಳು ಅವ್ವ. "ನನ್ನ ಎದಿ ತಡಿಯೂದಿಲ್ಲ."

ಶೈಲಜಾ ಒಲೆಯತ್ತ ನೋಡಿದಳು. ಅಪ್ಪ ತೀರಿಕೊಂಡ ಮೇಲೆ ಮನೆ ನಡೆದದ್ದೇ ಈ ಒಲೆಯಿಂದ. ಅವ್ವನೂ ಬೇಕು, ಒಲೆಯೂ ಬೇಕು... ಯಾವುದನ್ನು ಬಿಡಲಿ?

ಕಲ್ಮೇಶ ಮೇನ್ ಸ್ವಿಚ್ ಬಂದ್ ಮಾಡಿ ಸ್ಟೂಲ್ ಹತ್ತಿದ. ಮುಚ್ಚಳ ಬಿಚ್ಚಿದ. ಕಂಡೆನ್ಸರಿನ ವೈರು ತನ್ನ ಜಾಗ ಬಿಟ್ಟು ಪಕ್ಕದ ವೈರಿಗೆ ಸೇರಿತ್ತು, ಅದಕ್ಕೇ ಫ್ಯಾನ್ ಉಲ್ಟಾ ತಿರುಗಿತ್ತು. ಜೋಡಿಸಿದ ಕಡೆ ಜೋಳದ ಹಿಟ್ಟು ಮೆತ್ತಿತ್ತು.

ಶೈಲಜಾಳಿಗೂ ಕಂಡಿತು. ಅಯ್ಯೋ ಶಿವನೇ... ನಿನ್ನೆ ಜಿಡ್ಡು ಒರೆಸುವಾಗ ಕಿತ್ತುಬಂದ ವೈರನ್ನು ಯಾರಿಗೂ ಹೇಳದೆ ಜೋಡಿಸಿದ್ದು ನಾನೇ ಅಲ್ಲವೇ? ಕರೆಂಟಿಗೆ ಕೈ ಹಾಕಿದರೆ ಅವತ್ತೇ ಅಂಗಡಿ ಬಂದ್ ಎಂದು ಅವ್ವ ಎಷ್ಟು ಸಲ ತಾಕೀತು ಮಾಡಿದ್ದಳು!

ಕಲ್ಮೇಶ ಅವಳತ್ತ ಒಮ್ಮೆ ನೋಡಿದ. ಹೆಬ್ಬೆರಳಿನಿಂದ ಹಿಟ್ಟು ಒರೆಸಿ, ವೈರು ಸರಿಮಾಡಿ ಕೆಳಗಿಳಿದ.

"ತಪ್ಪು ನಂದ ಐತ್ರಿ ಅವ್ವಾರ. ವೈರ್ ಬಿಗಿ ಕಟ್ಟಿರಲಿಲ್ಲ."

ಗುರುಬಸವ್ವ ಚೆನ್ನಾಗಿ ಬೈದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ಸ್ವಿಚ್ ಹಾಕಿದ. ಹೊಗೆ ಸರಸರ ಕಿಂಡಿಯಿಂದ ಹೊರಟಿತು. ಹೊಗೆ ಹೋದರೂ ಶೈಲಜಾಳ ಕಣ್ಣು ತುಂಬಿತು.

"ಅವರಿಗೆ ಬೈಬ್ಯಾಡ ಅವ್ವಾ. ವೈರ್ ಕಿತ್ತು ಜೋಡಿಸಿದಾಕಿ ನಾನು."

ಗುರುಬಸವ್ವ ಮಗಳನ್ನು ನೋಡಿದಳು, ಅವನನ್ನು ನೋಡಿದಳು. ಆಗಲೇ ಕೆಮ್ಮು ನಿಂತಿತ್ತು.

"ನಿಂತ ನೋಡ್ತೀಯೇನ? ರೊಟ್ಟಿ ಬಡಿ. ಉಪವಾಸ ಕಳಸ್ತಿ ಏನು ಅವನ್ನ?" ಎಂದು ಒಳಗೆ ಹೋದಳು.

ಶೈಲಜಾ ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟಳು.

"ಭಾಳ ಉಪಕಾರ ಆತ್ರಿ. ಬೈದದ್ದು ಮನಸಿನ್ಯಾಗ ಇಟ್ಕೋಬ್ಯಾಡ್ರಿ."

"ಅಂಗಡಿ ಬಂದ್ ಆದ್ರ ನನಗೂ ತ್ರಾಸ ರಿ. ವಾರಕ್ಕ ಮೂರ ಸಲ ಇಲ್ಲೇ ಉಣ್ಣಾಕ ಬರತೇನಿ."

"ಬೈಲಹೊಂಗಲದಾಗ ರೊಟ್ಟಿ ಸಿಗೂದಿಲ್ಲೇನ್ರಿ?"

"ಸಿಗತಾವ್ರಿ..." ಅವನು ತಟ್ಟೆ ನೋಡುತ್ತಲೇ ಹೇಳಿದ. "ಅಲ್ಲಿ ನೀವು ಇಲ್ಲಲ್ರಿ."

ಜೋರು ಬಾಯಿಯ ಹುಡುಗಿ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

"ಹಂಗಾರ ನಾಳೆ ಒಬ್ಬರ ಬರಬ್ಯಾಡ್ರಿ," ಅಂದಳು ಮೆಲ್ಲಗೆ. "ನಿಮ್ಮ ಅವ್ವನ್ನೂ ಕರಕೊಂಡ ಬರ್ರಿ. ನಾಕ ರೊಟ್ಟಿ ಹೆಚ್ಚಿಗಿ ಬಡಿತೇನಿ."