ರಿಂಗ್ ಲೈಟಿನೊಳಗೆ ದುಂಡವ್ವನ ಕಣ್ಣು

"ದುಂಡನ ವಸ್ತುವಿನೊಳಗಿಂದ ನಮ್ಮ ಅತ್ತಿ ಕಣ್ಣ ನೋಡಬ್ಯಾಡ್ರಿ," ಎಂದಳು ಶಾಲನ. "ನೋಡಿದವ್ರಿಗೆ ಆ ಕತ್ತಲಿ ದಾಟತೈತಿ."

ಮನಾಲಿ ನಕ್ಕಳು. ಗಡಹಿಂಗ್ಲಜದಲ್ಲಿ ಹುಟ್ಟಿ ಕೊಲ್ಹಾಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟವಳು. ನೇಕಾರ ಮುದುಕಿಯರ ಮುಖಚಿತ್ರಗಳ ಪ್ರದರ್ಶನಕ್ಕೆಂದು ಕೊರೋಚಿ ಎಂಬ ಮಗ್ಗದ ಊರಿಗೆ ಬಂದಿದ್ದಳು. ಶಾಲನಳ ಅತ್ತೆ ದುಂಡವ್ವನಿಗೆ ಹದಿನೆಂಟು ವರ್ಷದಿಂದ ಕಣ್ಣು ಕಾಣದು. ಕಣ್ಣಿನಲ್ಲಿ ದೋಷವೇ ಇಲ್ಲವೆಂದು ಡಾಕ್ಟರರು ಕೈಚೆಲ್ಲಿದ್ದರು. ಮನೆಯವರು ಭಾನಾಮತಿ ಎನ್ನುತ್ತಿದ್ದರು. ಕುರುಡಿಯಾಗಿದ್ದ ಅವಳ ನೆಗೆಣ್ಣಿ, ಮೈದುನನ ಹೆಂಡತಿ, ಮಾಟ ಮಾಡಿಸಿ, ಗಾಜು ಕಳಚಿದ ದುಂಡು ಕನ್ನಡಿಯ ಚೌಕಟ್ಟನ್ನು ಮುಖಕ್ಕೆ ಹಿಡಿದು ದುಂಡವ್ವನನ್ನು ಕರೆದಳಂತೆ. ದುಂಡವ್ವ ಅದರೊಳಗಿಂದ ಅವಳ ಕಣ್ಣು ನೋಡಿದಳಂತೆ. ಅಂದೇ ನೆಗೆಣ್ಣಿಗೆ ಬೆಳಕಾಯಿತು, ಇವಳಿಗೆ ಕತ್ತಲಾಯಿತು.

"ಕತ್ತಲಿಗೂ ಓಡ್ಯಾಡಾಕ ಬಾಗಲ ಬೇಕೇನ್ರಿ?" ಎಂದು ಮನಾಲಿ ಹಾಸ್ಯ ಮಾಡಿದಳು. ಶಾಲನ ಚಹಾ ಇಡಲು ಹೋದಳು.

ಮಧ್ಯಾಹ್ನವಾದರೂ ಒಳಕೋಣೆ ಮಬ್ಬಾಗಿತ್ತು. ಒಂದೇ ಕಿಟಕಿ, ಅದಕ್ಕೂ ನೂಲಿನ ಚೀಲಗಳು ಅಡ್ಡ. ನೂಲಿಗೆ ಹಾಕುವ ಗಂಜಿಯ ಹುಳಿವಾಸನೆ, ಯಂತ್ರದೆಣ್ಣೆಯ ಕಮಟು. ಗೋಡೆಯಾಚೆ ಮಗ್ಗಗಳ ಖಟಖಟ. ಮನಾಲಿ ಬಳೆಯಂತೆ ದುಂಡಗಿದ್ದ ರಿಂಗ್ ಲೈಟನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಅದರ ನಡುವಿನ ತೂತಿನಲ್ಲಿ ಕ್ಯಾಮೆರಾ ನಿಲ್ಲಿಸಿದಳು. ಅದನ್ನು ಹಚ್ಚಿದರೆ ಮುಖದ ಮೇಲೆ ನೆರಳೇ ಉಳಿಯದು. ಕಣ್ಣಪಾಪೆಯಲ್ಲಿ ಒಂದೊಂದು ಬಿಳಿಯ ಉಂಗುರ ಮೂಡುವುದು. ಆ ಉಂಗುರಗಳಿಂದಲೇ ಅವಳ ಚಿತ್ರಗಳಿಗೆ ಹೆಸರು ಬಂದಿತ್ತು.

"ತಂಗಿ, ದೀಪ ದುಂಡೈತೇನ?" ಎಂದು ದುಂಡವ್ವ ಕೇಳಿದಳು.

"ಇಲ್ರಿ ಆಯಿ. ಉದ್ದಂದ ಐತಿ."

ಮುದುಕಿ ನಂಬಿ ಮುಖವೆತ್ತಿದಳು.

ದೀಪ ಹತ್ತಿತು. ಮನಾಲಿ ಕ್ಯಾಮೆರಾಕ್ಕೆ ಕಣ್ಣಿಟ್ಟಳು. ಒಂದೊಂದು ಸುಕ್ಕೂ ಒಣಗಿದ ಹಳ್ಳದಂತೆ ಬಾಯ್ದೆರೆದು ಕಂಡಿತು. ಮೊದಲ ಚಿತ್ರದಲ್ಲಿ ಉಂಗುರಗಳು ಸರಿಯಾಗಿಯೇ ಇದ್ದವು. ಎರಡನೆಯದರಲ್ಲಿ ದೊಡ್ಡದಾದವು. ಕೂದಲು ಸುಟ್ಟ ವಾಸನೆ ಬಂತು. ಮಗ್ಗಗಳ ಸದ್ದು ದೂರವಾಯಿತು. ಉಂಗುರಗಳು ಪಾಪೆ ದಾಟಿದವು. ರೆಪ್ಪೆ ದಾಟಿದವು. ಒಂದಾದವು. ನಡುವೆ ಕಪ್ಪು. ಅದು ಹತ್ತಿರ ಬಂತು. ಕಣ್ಣು ಕೀಳಲು ನೋಡಿದಳು. ಆಗಲಿಲ್ಲ. ಕತ್ತು ತಿರುಗಲಿಲ್ಲ. ಕಪ್ಪು ಮುಟ್ಟಿತು. ತಣ್ಣಗಿತ್ತು.

"ಶಾಲನಾ," ದುಂಡವ್ವ ಕಿಟಕಿಯತ್ತ ಬೆರಳು ತೋರಿದಳು, "ಕಿಟಕಿಗೆ ಚೀಲ ಯಾಕ ಒಟ್ಟೀರಿ?"

ಅಡುಗೆಮನೆಯಲ್ಲಿ ಶಾಲನಳ ಕೈಯಿಂದ ಚಹಾದ ಕಪ್-ಬಸಿಗಳು ಬಿದ್ದು ಒಡೆದವು.

ಮನಾಲಿ ಕಣ್ಣು ಕಾಣದೆ ನೆಲದಲ್ಲಿ ತಡಕಾಡುತ್ತಿದ್ದಳು. ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡಳು. ಸಿಕ್ಕಿದ ಕಾಲು ಹಿಡಿದು ಅತ್ತಳು. ಒಮ್ಮೆ, ಒಂದೇ ಒಮ್ಮೆ ತನ್ನ ಕಣ್ಣನ್ನು ಉಂಗುರದೊಳಗಿಂದ ನೋಡಿಬಿಡಿ ಎಂದು ಬೇಡಿದಳು. ಶಾಲನ ದೀಪವನ್ನು ಸ್ಟ್ಯಾಂಡಿನಿಂದ ಬಿಚ್ಚಿ ಅವಳ ಕೈಗೆ ಕೊಟ್ಟಳು. ಅತ್ತೆಯನ್ನು ಎದುರಿಗೆ ಕೂರಿಸಿದಳು. ಮನಾಲಿ ಅದನ್ನು ಮುಖಕ್ಕೆ ಹಿಡಿದು ಕಣ್ಣು ಅರಳಿಸಿ ಕಾದಳು. ಏನೂ ಆಗಲಿಲ್ಲ.

"ಅತ್ತೀ, ಕಣ್ಣ ತಗೀರಿ," ಎಂದು ಶಾಲನ ಪಿಸುಗುಟ್ಟಿದಳು.

ದುಂಡವ್ವ ಮುಚ್ಚಿದ ರೆಪ್ಪೆಗಳನ್ನು ಇನ್ನಷ್ಟು ಬಿಗಿದಳು.

"ರುತುಜಾ ಹುಟ್ಟಿ ಎಂಟ ವರ್ಷ ಆತು. ಮೊಮ್ಮಗಳ ಮಾರಿ ನಾ ಇನ್ನೂ ನೋಡಿಲ್ಲ. ಸಾಲಿ ಬಿಟ್ಟ ಬರ್ಲಿ, ತಂಗಿ. ಅಲ್ಲೀತನಕ ಕುಂದರು."

ಮನಾಲಿ ಕುಳಿತಳು. ಕೈ ಸೋತರೂ ದೀಪ ಇಳಿಸಲಿಲ್ಲ. ಸಂಜೆ ಅಂಗಳದಲ್ಲಿ ಪುಟ್ಟ ಚಪ್ಪಲಿಗಳ ಸಪ್ಪಳವಾಯಿತು. ಮುದುಕಿ ಎದ್ದು ಓಡಿದಳು. ಹೊರಗೆ ಅಳು, ನಗು, ಮತ್ತೆ ಅಳು. ಬರಬರುತ್ತ ಆ ದನಿಗಳು ಓಣಿಯ ಕಡೆಗೆ ಸರಿದುಹೋದವು.

ಮನಾಲಿ ಕೈಚಾಚಿ ಎದುರಿನ ಸ್ಟೂಲನ್ನು ಮುಟ್ಟಿದಳು. ಯಾರೂ ಇರಲಿಲ್ಲ.

ಶಾಲನ ಬಂದು ದೀಪ ಆರಿಸಿದಳು.

"ಗಡಹಿಂಗ್ಲಜಕ್ಕ ಯಾರಿಗೆ ಫೋನ್ ಹಚ್ಚಲಿ, ಹೇಳ್ರಿ."