ಹೂವಮ್ಮನ ಅಕ್ಕಿ

ಹಿಡಿ ಅಕ್ಕಿಯ ಯೋಚನೆ ರಾಜೇಶ್ವರಮ್ಮನದು. ಶಿಕಾರಿಪುರದಲ್ಲಿ ಅದನ್ನು ಯಾರೂ ಅಲ್ಲಗಳೆದಿರಲಿಲ್ಲ, ಮರೆತಿದ್ದರು, ಅಷ್ಟೆ. ಅಲ್ಲಗಳೆದಿದ್ದರೆ ಜಗಳವಾದರೂ ಆಡಬಹುದಿತ್ತು.

ಹಿಂದಿನ ವರ್ಷ, ಐವತ್ತೇಳರ ಬೇಸಿಗೆಯಲ್ಲಿ, ಕ್ಯಾಸನೂರಿನ ಕಡೆ ಕಾಡಿನಲ್ಲಿ ಮಂಗಗಳು ಸತ್ತು, ಆಮೇಲೆ ಜನ ಜ್ವರ ಹಿಡಿದು ಮಲಗಿದರು. ದುಡಿಯುವವರೇ ಮಲಗಿದ ಮನೆಗಳಲ್ಲಿ ಒಲೆ ಹತ್ತುತ್ತಿಲ್ಲ ಎಂಬ ಸುದ್ದಿ ಬಂತು. ಅಡುಗೆಗೆ ಅಕ್ಕಿ ಅಳೆಯುವಾಗ ದಿನಕ್ಕೊಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕೋಣ, ವಾರಕ್ಕೊಮ್ಮೆ ಎಲ್ಲರದನ್ನೂ ಕೂಡಿಸಿ ಅವರಿಗೆ ಕಳಿಸೋಣ ಎಂದು ಮಹಿಳಾ ಸಮಾಜದಲ್ಲಿ ಎದ್ದು ನಿಂತು ಹೇಳಿದವಳು ವಕೀಲರ ಹೆಂಡತಿ ರಾಜೇಶ್ವರಮ್ಮ. ಆದರೆ ಅಕ್ಕಿ ಒಯ್ದು ಗಂಜಿ ಕಾಯಿಸಿ ಬಡಿಸುವವರು ಬೇಕಲ್ಲ? ಅದಕ್ಕೆ ಸೊರಬದ ಕಡೆಯ ಹೆಂಗಸರೊಂದಿಗೆ ಕೈಜೋಡಿಸಬೇಕಾಯಿತು. ಹಾಗೆ ಬಂದು ಸೇರಿಕೊಂಡವಳು ಹೂವಮ್ಮ. ಶಿರಾಳಕೊಪ್ಪದ ಆಚೆಯ ಹಳ್ಳಿಯ ವಿಧವೆ, ಎರಡೆಕರೆ ಬೆದ್ದಲಿನಲ್ಲಿ ಜೋಳ ಬೆಳೆದು ಬದುಕುವವಳು, ಹೆಬ್ಬೆಟ್ಟಿನವಳು.

ಅವಳು ಶಿಕಾರಿಪುರಕ್ಕೂ ಬಂದು ಮನೆಮನೆ ತಿರುಗಿದಳು. ಬಾಣಂತಿಯರನ್ನು ಮಾತಾಡಿಸಿದಳು, ಅತ್ತೆ-ಸೊಸೆಯರ ದೂರು ಕೇಳಿದಳು, ಎಲೆಯಡಿಕೆ ಹಾಕಿಕೊಂಡು ಜಗುಲಿಯ ಮೇಲೆ ಕೂತಳು. ವರ್ಷ ತುಂಬುವುದರೊಳಗೆ ಗಡಿಗೆಗೆ ಅವಳ ಹೆಸರೇ ಬಿತ್ತು. ಒಂದು ಬೆಳಿಗ್ಗೆ ರಾಜೇಶ್ವರಮ್ಮನ ಸ್ವಂತ ಅಡುಗೆಮನೆಯಲ್ಲಿ, ಅಡುಗೆಯ ವರದಮ್ಮ ಕೈ ಒರೆಸಿಕೊಳ್ಳುತ್ತ ಹೇಳಿದಳು:

“ಹೂವಮ್ಮನ ಅಕ್ಕಿ ತೆಗೆದಿಟ್ಟೀನ್ರಿ ಅಮ್ಮಾರ.”

ಯೋಚನೆ ತನ್ನದು, ಅಕ್ಕಿ ತನ್ನದು, ಹೆಸರು ಮಾತ್ರ ಹೂವಮ್ಮನದು. ಅದರ ಮೇಲೆ, ಮುಂದಿನ ತಿಂಗಳು ಶಿರಾಳಕೊಪ್ಪದಲ್ಲಿ ಸಭೆ ಕರೆದು ಹೂವಮ್ಮನಿಗೆ ಶಾಲು ಹೊದಿಸುವುದೆಂದು ಎರಡೂ ತಾಲ್ಲೂಕಿನವರು ಕೂಡಿ ತೀರ್ಮಾನಿಸಿದರು. ಅನುಮೋದಿಸಿ ಎಂದು ರಾಜೇಶ್ವರಮ್ಮನನ್ನೇ ಕೇಳಿದರು. ನಗುನಗುತ್ತ ಅನುಮೋದಿಸಿದಳು. ಆ ಶಾಲು ಹೂವಮ್ಮನ ಹೆಗಲೇರಬಾರದು ಎಂದು ಆ ನಗುವಿನಲ್ಲಿಯೇ ನಿಶ್ಚಯಿಸಿದ್ದಳು.

ಹೂವಮ್ಮ ಜ್ವರದವರ ಅಕ್ಕಿ ಕದ್ದಳು ಎಂದಾಗಬೇಕು. ಬಾಯಿಮಾತು ಸಾಲದು, ಕಣ್ಣಿಗೆ ಕಾಣಬೇಕು. ಸಮಾಜದ ತುಂಬಿದ ಚೀಲಕ್ಕೆ ಬಾಯಿ ಹೊಲಿದು, ಮೇಲೆ ರಾಜೇಶ್ವರಮ್ಮನ ಮನೆಯಲ್ಲಿರುತ್ತಿದ್ದ ನೀಲಿ ಮುದ್ರೆ ಒತ್ತುವ ಪದ್ಧತಿಯಿತ್ತು. ಮುದ್ರೆ ಒತ್ತಿದ ಚೀಲಗಳನ್ನು ಶಿರಾಳಕೊಪ್ಪದಲ್ಲಿ ಬಸ್ಸಿನಿಂದ ಇಳಿಸಿಕೊಂಡು ಗಂಜಿಯ ಮನೆಗೆ ಮುಟ್ಟಿಸುತ್ತಿದ್ದವಳು ಹೂವಮ್ಮ. ಅಂಥ ಒಂದು ಚೀಲ ಅವಳ ಕೊಟ್ಟಿಗೆಯಲ್ಲಿ ಸಿಕ್ಕರೆ ಸಾಕು. ಹಿಡಿ ಅಕ್ಕಿಗೆ ಯಾರೂ ಲೆಕ್ಕ ಬರೆದಿರಲಿಲ್ಲ. ಕಳವಾಗಿಲ್ಲ ಎಂದು ಸಾಧಿಸುವುದು ಯಾರಿಗೂ ಆಗದು.

ಕೂಡಿದ ಅಕ್ಕಿಯಲ್ಲೇ ಒಂದು ಚೀಲ ಎತ್ತಿಡಬಹುದಿತ್ತು. ಆದರೆ ಜ್ವರದವರ ತುತ್ತಿಗೆ ಕೈ ಹಾಕುವಷ್ಟು ಕೀಳು ತಾನಲ್ಲ ಎಂದುಕೊಂಡಳು. ಈಸೂರಿನ ತಮ್ಮ ಗದ್ದೆಯಿಂದ ಬಂದ ಅಕ್ಕಿಯನ್ನೇ, ತನಗೆ ಎತ್ತಲಾಗುವಷ್ಟು ಅಳೆದು ತುಂಬಿದಳು. ಕೊನೆಗೆ ಅದೂ ಬಡವರ ಹೊಟ್ಟೆಗೇ ಹೋಗುವುದಲ್ಲ, ಯಾರಿಗೇನು ನಷ್ಟ? ಬಾಯಿ ಹೊಲಿದು ಮುದ್ರೆ ಒತ್ತಿದಾಗ ಒಂದು ದಾನ ಮಾಡಿದ ಸಮಾಧಾನವೂ ಅವಳಿಗಾಯಿತು.

ಶಿರಾಳಕೊಪ್ಪದ ಸಂತೆಯ ದಿನ ಹೂವಮ್ಮ ಮನೆಯಲ್ಲಿರುವುದಿಲ್ಲ. ಅಂದು ಖಾಲಿ ಚೀಲ ತಲುಪಿಸುವ ನೆಪದಲ್ಲಿ ರಾಜೇಶ್ವರಮ್ಮ ಹೊರಟಳು. ತುಂಬಿದ ಚೀಲ ಖಾಲಿ ಚೀಲಗಳ ಕಟ್ಟಿನೊಳಗಿತ್ತು. ಶಿರಾಳಕೊಪ್ಪದವರೆಗೆ ಬಸ್ಸು, ಮುಂದೆ ಬಾಡಿಗೆ ಗಾಡಿ. ಗಾಡಿಯವನು ಎತ್ತುಗಳಿಗೆ ನೀರು ಕುಡಿಸಲು ಕೆರೆಗೆ ಹೋದಾಗ, ಜೀವಮಾನದಲ್ಲಿ ಮೊದಲ ಸಲ ಅವಳು ಅಕ್ಕಿಯ ಚೀಲ ಹೊತ್ತಳು. ಕೊಟ್ಟಿಗೆಯ ಮೂಲೆಯ ಹುಲ್ಲಿನ ಹಿಂದೆ ಅದನ್ನಿಟ್ಟು, ಖಾಲಿ ಚೀಲಗಳನ್ನು ಜಗುಲಿಯ ಮೇಲೆ ನೀಟಾಗಿ ಜೋಡಿಸಿ ಬಂದಳು. ಎರಡು ದಿನ ಸೊಂಟ ನೋಯಿತು. ನೋವೂ ಹಿತವಾಗಿಯೇ ಇತ್ತು.

ಆಮೇಲೆ ಯಾರ ಮೇಲೂ ದೂರು ಹೇಳಲಿಲ್ಲ. ಸಮಾಜದ ಸಭೆಯಲ್ಲಿ ಮೆಲ್ಲಗೆ, ಜನರ ಬಾಯಿ ಕೆಟ್ಟದ್ದು, ನಮ್ಮ ಕೈ ಚೊಕ್ಕವಾಗಿದೆ ಎಂದು ತೋರಿಸಬೇಕು, ಅಕ್ಕಿ ಮುಟ್ಟುವವರ ಮನೆಗಳನ್ನೆಲ್ಲ ಹಿರಿಯರು ಬಂದು ನೋಡಲಿ, ಮೊದಲು ನಮ್ಮ ಮನೆಯನ್ನೇ ನೋಡಲಿ ಎಂದಳು. ಎಲ್ಲರಿಗಿಂತ ಮೊದಲು ಒಪ್ಪಿದವಳು ಹೂವಮ್ಮ. ಅವಳ ಆ ಸಲೀಸು ಒಪ್ಪಿಗೆಗೂ ರಾಜೇಶ್ವರಮ್ಮನಿಗೆ ಉರಿಯಿತು.

ಹಿರಿಯರೆಂದರೆ ಇಬ್ಬರು: ಸೊರಬದ ನಿವೃತ್ತ ಮೇಷ್ಟರು ಮಧುಕೇಶ್ವರ, ಶಿಕಾರಿಪುರದ ಬಟ್ಟೆ ಅಂಗಡಿಯ ಉಚ್ಚಂಗಪ್ಪ. ರಾಜೇಶ್ವರಮ್ಮನ ಮನೆಯ ಉಗ್ರಾಣವನ್ನು ಅವರು ಬಾಗಿಲಲ್ಲೇ ನಿಂತು ನೋಡಿ ಮುಗಿಸಿದರು. ಹೂವಮ್ಮನ ಊರಿಗೆ ಹೋಗುವಾಗ ರಾಜೇಶ್ವರಮ್ಮನೂ ಜೊತೆಗಿದ್ದಳು, ಗಂಜಿ ಕಾಯಿಸುವ ತಿಮ್ಮಮ್ಮನೂ ದಾರಿಯಲ್ಲಿ ಗಾಡಿ ಹತ್ತಿದಳು. ಕೊಟ್ಟಿಗೆಯ ಹುಲ್ಲು ಸರಿಸಿದವನು ಉಚ್ಚಂಗಪ್ಪ. ನೀಲಿ ಮುದ್ರೆ ಕಂಡಕೂಡಲೇ ಅವನ ಮುಖ ಕಪ್ಪಿಟ್ಟಿತು. ಹೂವಮ್ಮ ಮುಂದೆ ಬಂದು ಚೀಲ ಮುಟ್ಟಿ ನೋಡಿದಳು. ತನಗೆ ಗೊತ್ತಿಲ್ಲ, ದೇವರಾಣೆ ಗೊತ್ತಿಲ್ಲ ಎಂದಷ್ಟೇ ಹೇಳುತ್ತಿದ್ದಳು. ಅಕ್ಕಪಕ್ಕದವರು ಬೇಲಿಯ ಆಚೆ ಬಂದು ನಿಂತಿದ್ದರು. ರಾಜೇಶ್ವರಮ್ಮ ಬಾಯಿಪಾಠ ಮಾಡಿಟ್ಟುಕೊಂಡ ಮಾತನ್ನು ಆಗ ಆಡಿದಳು.

“ಪೊಲೀಸು ಗಿಲೀಸು ಬ್ಯಾಡ್ರಿ. ಪಾಪ, ಕಷ್ಟದಾಗಿರೋ ಹೆಣ್ಣುಮಗಳು. ಇಲ್ಲಿಗೇ ಬಿಟ್ಟುಬಿಡೋಣ.”

ಎಂಥ ದೊಡ್ಡ ಮನಸ್ಸು ಎಂದು ಬೇಲಿಯಾಚೆ ಯಾರೋ ಅಂದದ್ದು ಅವಳಿಗೆ ಕೇಳಿಸಿತು. ವರ್ಷದಿಂದ ಕಿವಿ ಕಾದಿದ್ದ ಮಾತು ಅದು.

ಇವತ್ತಿನ ಗಂಜಿಗಾದರೂ ಆಗಲಿ ಎಂದು ತಿಮ್ಮಮ್ಮ ಚೀಲದ ಹೊಲಿಗೆ ಬಿಚ್ಚಿ, ಅಭ್ಯಾಸಬಲದಿಂದ ಎರಡು ಬೊಗಸೆ ಮೊರಕ್ಕೆ ಸುರಿದು ಕಲ್ಲು ಆರಿಸಲು ಕೂತಳು. ಸ್ವಲ್ಪ ಹೊತ್ತಿಗೆ ಅವಳ ಕೈ ನಿಂತಿತು. “ಇದು ಹಿಡಿ ಅಕ್ಕಿ ಅಲ್ಲ ಕಣ್ರೀ ಮೇಷ್ಟ್ರೇ. ಹಿಡಿ ಅಕ್ಕಿ ಅಂದ್ರೆ ನೂರು ಮನೇದು. ಕೆಂಪು, ಬಿಳಿ, ಹಳೇದು, ಹೊಸದು, ನುಚ್ಚು, ಕುಚ್ಚಲು, ಎಲ್ಲ ಕಲೆತಿರ್ತದೆ. ಒಂದು ಬೆಂದ್ರೆ ಇನ್ನೊಂದು ಬೇಯೋದಿಲ್ಲ, ದಿನಾ ಒದ್ದಾಡ್ತೀನಲ್ಲ ನಾನು. ಇದು ಒಂದೇ ಗದ್ದೇದು.” ಮಧುಕೇಶ್ವರ ಮೇಷ್ಟರು ಬಗ್ಗಿ ಮೊರ ನೋಡಿದರು, ಚೀಲದ ಮೇಲಿನ ನೀಲಿ ಮುದ್ರೆ ನೋಡಿದರು. ಮುದ್ರೆ ಯಾರ ಮನೆಯಲ್ಲಿರುತ್ತದೆ ಎಂದು ಮೆತ್ತಗೆ ಕೇಳಿದರು. ಎಲ್ಲರೂ ರಾಜೇಶ್ವರಮ್ಮನ ಕಡೆ ತಿರುಗಿದರು. ರಾಜೇಶ್ವರಮ್ಮ ಒಂದು ವರ್ಷದಲ್ಲಿ ಅಷ್ಟು ಚೀಲಗಳಿಗೆ ಮುದ್ರೆ ಒತ್ತಿದ್ದಳು, ಸಭೆಸಭೆಯಲ್ಲಿ ಹಿಡಿ ಅಕ್ಕಿಯ ಬಗ್ಗೆ ಭಾಷಣ ಮಾಡಿದ್ದಳು. ಒಂದು ಸಲವೂ ಚೀಲದೊಳಗೆ ಕೈ ಹಾಕಿ ನೋಡಿರಲಿಲ್ಲ. ಈಗ ನೋಡಿದಳು. ಮೊರದ ತುಂಬ ಬೆಳ್ಳಗೆ, ಸಣ್ಣಗೆ, ಒಂದೇ ಸಮನಾದ ಕಾಳು.