ಮಾರ್ಥಾ ಯಾಕ ಮಾತಾಡಲಿಲ್ಲ?

"ಈ ಮನುಷ್ಯಾಗ ಎದಿನಾ ಇಲ್ಲ ನೋಡ್ರಿ ಸಲಾವುದ್ದೀನ ಭಾಯ್! ಕಲ್ಲು... ಬರೇ ಕಲ್ಲು!"

ಶೈಲಾಳ ದನಿ ಸೈಬರ್ ಕೆಫೆಯ ಪ್ಲೈವುಡ್ ಗೋಡೆ ದಾಟಿ ಬೀದಿಯವರೆಗೂ ಕೇಳಿಸಿತು.

ಪಕ್ಕದ ಕ್ಯಾಬಿನ್‌ನಿಂದ ಒಂದು ತಲೆ ಮೇಲೆದ್ದಿತು. ಬಿಳಿ ಅಂಗಿ, ಕಪ್ಪು ಪ್ಯಾಂಟು, ನಿದ್ದೆಗೆಟ್ಟ ಕಣ್ಣುಗಳು.

"ಯಾರಿಗ್ರಿ ಹಿಂಗ ಬೈಯಾಕತ್ತೀರಿ?"

"ನಿಮಗಲ್ರಿ. ಈ ಆಟದ ಫೋರಂನ್ಯಾಗ ಒಬ್ಬ ಬರದಾನ ನೋಡ್ರಿ... 'ಬಾಯಿ ಇದ್ದೂ ಮಾತಾಡದಾಕಿ ಸೋತರ ಅದು ಅಕಿದ ತಪ್ಪು' ಅಂತ. ಹೆಸರು ಬ್ಯಾರೆ, ಹಲಗೇರಿ ಹುಲಿ ಅಂತ!"

ಅವನ ಮುಖ ಕೆಂಪಾಯಿತು.

"ಆ ಹುಲಿ... ನಾನ ರೀ."

ಶೈಲಾಗೆ ನೆಲ ಬಾಯಿ ಬಿಡಬಾರದೇ ಅನಿಸಿತು!

"ಹಂಗಾರ ನನ್ನ ಕೂಡ ವಾರಾ ವಾರಾ ಜಗಳಾ ತಗಿಯೋ 'ಕೆಂಪುಮೆಣಸು' ನೀವ ಏನ್ರಿ?" ಅವನು ಕೇಳಿದ.

ಅವಳು ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟಳು.

ಅದು ಎರಡು ಸಾವಿರದ ಏಳನೇ ಇಸವಿ. ರಾಣೆಬೆನ್ನೂರಿನ ಸಲಾವುದ್ದೀನನ ಕೆಫೆಯಲ್ಲಿ ಎಲ್ಲರಿಗೂ ಒಂದೇ ಹುಚ್ಚು, ಕಂಪ್ಯೂಟರಿನ ಮೇಲಿನ ಕೋರ್ಟ್ ಆಟ. ಆಡುವವರೇ ವಕೀಲರು. ಸಾಕ್ಷಿ ಹುಡುಕಬೇಕು, ಸುಳ್ಳು ಹೇಳುವವರನ್ನು ಹಿಡಿಯಬೇಕು, ನಿರಪರಾಧಿಯನ್ನು ಬಿಡಿಸಬೇಕು. ಮೊದಲ ಭಾಗದಲ್ಲಿ ಎಲ್ಲರನ್ನೂ ಉಳಿಸಬಹುದಿತ್ತು.

ಎರಡನೇ ಭಾಗ ಬಂದ ಮೇಲೆ ರಾದ್ಧಾಂತ ಶುರುವಾಯಿತು.

ಅದರ ಕೊನೆಯ ಕೇಸಿನಲ್ಲಿ ಮಾರ್ಥಾ ಎಂಬ ಹೆಂಗಸು ಕಟಕಟೆಯಲ್ಲಿ ನಿಲ್ಲುತ್ತಾಳೆ. ತಪ್ಪು ಅವಳದಲ್ಲ. ಆದರೆ ಬಾಯಿ ಬಿಡುವುದಿಲ್ಲ. ಯಾವ ಬಟನ್ ಒತ್ತಿದರೂ, ಎಂಥ ಸಾಕ್ಷಿ ತೋರಿಸಿದರೂ ತೀರ್ಪು ಒಂದೇ... ಅಪರಾಧಿ!

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ಹುಡುಗರು ಆಟದ ಬಗ್ಗೆ ಚರ್ಚಿಸುವ ಫೋರಂ ಒಂದು ಅಂತರ್ಜಾಲದಲ್ಲಿತ್ತು. ಅಲ್ಲಿ ಬೆಂಕಿಯೇ ಬಿತ್ತು. 'ಮೊದಲನೇದರ ಮಜಾ ಇದರಾಗ ಇಲ್ಲ' ಅಂದರು ಕೆಲವರು. 'ಸಂಗೀತ ಚಲೋ ಐತಿ, ಕೇಸು ಮಾತ್ರ ಎಳದಾರ' ಅಂದ ಮತ್ತೊಬ್ಬ. 'ಸೋಲಾಕ ನಾವ್ಯಾಕ ಆಡಬೇಕು?' ಅಂತ ಹಲವರು. ಎಲ್ಲರಿಗಿಂತ ಕಟುವಾಗಿ ಬರೆದವನು ಹಲಗೇರಿ ಹುಲಿ.

ಎರಡನೇ ಭಾಗವೇ ಶ್ರೇಷ್ಠ ಎಂದು ಹಟ ಹಿಡಿದವಳು ಕೆಂಪುಮೆಣಸು ಒಬ್ಬಳೇ.

ಯಾಕೆಂದರೆ ಶೈಲಾಗೆ ಮಾರ್ಥಾ ಗೊತ್ತಿದ್ದಳು. ದಿನಾ ಕನ್ನಡಿಯಲ್ಲಿ ಕಾಣುತ್ತಿದ್ದಳು.

ಶೈಲಾ ಬ್ಯಾಡಗಿಯವಳು. ಅಪ್ಪ ಶಂಭುಲಿಂಗಪ್ಪನವರದು ಮೆಣಸಿನಕಾಯಿ ದಲಾಲಿ ಅಂಗಡಿ. ಅಕ್ಕ ಶ್ರೀದೇವಿ ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಪ್ರೀತಿಸಿದವನ ಜೊತೆ ಹೋಗಿಬಿಟ್ಟಳು. ಅದೇ ವಾರ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು. ಮಾತು ತುಂಡು ತುಂಡಾಯಿತು.

"ನೀನೂ ಇಂಥಾದ್ದು ಮಾಡಿದ್ರ ನಿಮ್ಮಪ್ಪ ಉಳಿಯಂಗಿಲ್ಲ. ನನ್ನ ಆಣಿ ಮಾಡು!" ಅವ್ವ ನೀಲಗಂಗವ್ವ ಅವಳ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಿದ್ದಳು.

ಅಂದಿನಿಂದ ಶೈಲಾ ಮನೆಯಲ್ಲಿ 'ಹೂಂ' ಮಾತ್ರ ಅನ್ನುವವಳಾದಳು. ರಾಣೆಬೆನ್ನೂರಿನ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವುದು, ಶನಿವಾರ ಮಧ್ಯಾಹ್ನ ಸ್ವಲ್ಪ ಹೊತ್ತು ಕೆಫೆ, ಸಂಜೆಯ ರೈಲಿಗೆ ಬ್ಯಾಡಗಿ... ಅವಳ ಜಗತ್ತು ಅಷ್ಟೇ.

ಮುಂದಿನ ಶನಿವಾರ ಅವನು ಅವಳ ಕ್ಯಾಬಿನ್ ಮುಂದೆ ನಿಂತಿದ್ದ.

"ನಾ ವೀರೇಂದ್ರ ರೀ. ಹಾವೇರಿ ಕೋರ್ಟಿನ್ಯಾಗ ಜೂನಿಯರ್ ವಕೀಲ. ಕಲ್ಲು ಅಂದ್ರಲ್ಲ... ಆ ಮಾತು ಭಾಳ ಚುಚ್ಚಿತ್ರಿ."

"ಖರೇ ವಕೀಲರಾಗಿ ಈ ಆಟ ಆಡ್ತೀರಿ?"

"ಅಲ್ಲಾದ್ರೂ ಗೆಲ್ಲೂಣು ಅಂತ."

ಅವನು ನಗಲಿಲ್ಲ. ಕುರ್ಚಿ ಎಳೆದು ಕೂತು ಮೆಲ್ಲಗೆ ಹೇಳತೊಡಗಿದ.

"ಮೇಡ್ಲೇರಿ ಕಡೆಯಾಕಿ, ಉಚ್ಚಂಗೆವ್ವ ಅಂತ. ಗಂಡ ಹೊಡದು ಹೊರಗ ಹಾಕಿದ್ದ. ಜೀವನಾಂಶದ ಕೇಸು ನಾನ ನಡಸಿದ್ದೆ. ಕಟಕಟೆ ಹತ್ತಿದಾಕಿ ಹಿಂದ ನೋಡಿದ್ಲು. ಗಂಡನ ಮನಿಯವರು ಅಕಿ ಕೂಸನ್ನ ಬಗಲಾಗ ಹಿಡಕೊಂಡು ನಿಂತಿದ್ರು. ಅಷ್ಟರೀ... 'ನಂಗ ಏನೂ ಬ್ಯಾಡ್ರಿ' ಅಂದ್ಲು. ಆಮ್ಯಾಲ ಎಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ."

ಅವನು ಪರದೆಯ ಕಡೆ ಮುಖ ತಿರುಗಿಸಿದ.

"ನಾ ಪಕ್ಕದಾಗ ನಿಂತಿದ್ದೆ. ಕರಿ ಕೋಟು ಹಾಕ್ಕೊಂಡು... ಏನೂ ಮಾಡಾಕ ಆಗಲಿಲ್ಲ."

ಅಯ್ಯೋ... ಇವನ ಬಗ್ಗೆ ನಾನೇನು ಅಂದುಕೊಂಡಿದ್ದೆ! ಶೈಲಾಳ ಕಣ್ಣು ತುಂಬಿ ಬಂದವು.

"ಅಕಿ ಮ್ಯಾಲ ಯಾಕ್ರಿ ಸಿಟ್ಟು?"

"ಅಕಿ ಮ್ಯಾಲ ಅಲ್ರಿ..." ಅಂದವನು ಮೌಸ್ ಹಿಡಿದು ಆಟ ತೆರೆದ.

ಆಮೇಲೆ ಶನಿವಾರಗಳಿಗೆ ಬಣ್ಣ ಬಂತು. ಆಟದ ನೆಪದಲ್ಲಿ ಜಗಳ, ಜಗಳದ ನೆಪದಲ್ಲಿ ನಗು. ಸಲಾವುದ್ದೀನ ಕೇಳದೆಯೇ ಎರಡು ಚಹಾ ತರಿಸುತ್ತಿದ್ದ. ವಾರವಿಡೀ ಮನೆಯಲ್ಲಿ ಮೂಕಿಯಾಗಿದ್ದವಳು ಅವನ ಮುಂದೆ ಹೊಳೆಯಂತೆ ಮಾತಾಡುತ್ತಿದ್ದಳು. ಅಪ್ಪನ ಲಕ್ವ, ಅವ್ವನ ಆಣೆ ಎಲ್ಲವನ್ನೂ ಅವನಿಗೆ ಹೇಳಿದ್ದಳು. ಅವನು ಬರುವುದು ತಡವಾದರೆ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತದೆ? ಗೊತ್ತಿತ್ತು. ಹೇಳಿಕೊಳ್ಳುವ ಧೈರ್ಯ ಇರಲಿಲ್ಲ.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ಸಂಬಂಧ ಬಂತು.

ವ್ಯಾಪಾರಸ್ಥರ ಮನೆತನ, ಒಬ್ಬನೇ ಮಗ. "ಬರೋ ಐತವಾರ ನೋಡಾಕ ಬರ್ತಾರ" ಅಂದಳು ಅವ್ವ. ಶೈಲಾಳ ಬಾಯಿಂದ ಎಂದಿನಂತೆ 'ಹೂಂ' ಬಂತು. ಆ ರಾತ್ರಿ ದಿಂಬು ತೋಯ್ದಿತು.

ಶನಿವಾರ ಕೆಫೆಯಲ್ಲಿ ವೀರೇಂದ್ರನಿಗೆ ಹೇಳಿದಾಗ ಅವನ ಕೈಯ ಚಹಾ ಲೋಟ ಹಾಗೇ ನಿಂತಿತು.

"ನೀವೇನಂದ್ರಿ ಮನ್ಯಾಗ?"

"ಹೂಂ ಅಂದೆ."

"ಹೂಂ ಅಂದ್ರಿ..." ಅವನು ಲೋಟ ಕೆಳಗಿಟ್ಟ. "ಹಂಗಾರ ನಾ ಏನ್ ಮಾಡ್ಲಿ, ಹೇಳ್ರಿ?"

ಒಂದು ಮಾತು... ಬೇಡ ಅನ್ನು ಅಂತ ಒಂದೇ ಒಂದು ಮಾತು ಹೇಳು! ಅವಳ ಕಣ್ಣು ಬೇಡಿಕೊಂಡವು.

ಅವನು ಎದ್ದು ಹೋಗಿಬಿಟ್ಟ. ತಿರುಗಿಯೂ ನೋಡಲಿಲ್ಲ.

ಅಷ್ಟೇ ಏನು? ಇಷ್ಟು ದಿನದ ನಗು, ಮಾತು, ಎಲ್ಲಾ ಬರೀ ಹೊತ್ತು ಕಳೆಯಲಿಕ್ಕೆ? ಮೊದಲ ದಿನ ನಾನು ಅಂದದ್ದೇ ಸರಿ... ಕಲ್ಲು!

ಅಳುತ್ತಲೇ ಅವಳು ಫೋರಂ ತೆರೆದಳು. ಇನ್ನು ಮುಂದೆ ಇಲ್ಲಿ ಬರೆಯುವುದೇ ಬೇಡ, ಹೆಸರು ಅಳಿಸಿಬಿಡೋಣ ಅಂತ. ಆದರೆ ಆ ಬಟನ್ ಒತ್ತಲು ಮನಸ್ಸು ಬರಲಿಲ್ಲ. ಸುಮ್ಮನೆ ಪರದೆ ನೋಡುತ್ತ ಕೂತಳು. ರೈಲಿನ ಹೊತ್ತಾಗುತ್ತ ಬಂತು.

ಆಗ ಹೊಸದೊಂದು ಅಭಿಪ್ರಾಯ ಮೂಡಿತು. ಹಲಗೇರಿ ಹುಲಿ! ಊರಿನ ಬೇರೆ ಯಾವುದೋ ಕೆಫೆಯಲ್ಲಿ ಕೂತು ಬರೆದಿದ್ದ.

'ಎರಡನೇ ಭಾಗ ಕೆಟ್ಟದೈತಿ ಅಂತ ನಾ ಬರದಿದ್ದು ತಪ್ಪು. ಆಟದ ಮ್ಯಾಲ ಅಲ್ಲ, ನನ್ನ ಮ್ಯಾಲ ನಂಗ ಸಿಟ್ಟಿತ್ತು. ಇವತ್ತ ನಾ ಪ್ರೀತಿ ಮಾಡೋರು ನನ್ನ ಮುಂದ ಕುಂತು, ಮದವಿ ಗೊತ್ತಾಗೂದೈತಿ ಅಂದ್ರು. ಬ್ಯಾಡ ಅನ್ರಿ ಅನ್ನಾಕ ನಂಗೇನ್ ಹಕ್ಕೈತಿ? ಅವರ ಅಪ್ಪನ ಜೀವದ ಪ್ರಶ್ನೆ. ನಾ ಮಾತಾಡಿದ್ರ ಅವರು ಇನ್ನೂ ಸಿಕ್ಕೊಂಡ ಬೀಳ್ತಾರ ಅಂತ ಎದ್ದು ಬಂದೆ. ಮಾರ್ಥಾ ಯಾಕ ಮಾತಾಡಲಿಲ್ಲ ಅಂತ ಈಗ ತಿಳೀತು.'

ಕೆಳಗೆ ಯಾರೋ 'ಲೇ ಹುಲಿ, ಇದು ಆಟದ ಫೋರಂ' ಅಂತ ಗೇಲಿ ಮಾಡಿದ್ದ.

ಶೈಲಾ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು.

ಮರುದಿನ ಬೆಳಿಗ್ಗೆ ಅವ್ವ ಹೊಸ ಸೀರೆ ತೆಗೆದಿಟ್ಟಿದ್ದಳು. ಅಪ್ಪ ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿದ್ದರು. ಶೈಲಾ ಅವರ ಕಾಲ ಬಳಿ ಕೂತಳು. ಹೇಳಿದರೆ ಅಪ್ಪ ಉಳಿಯಲಿಕ್ಕಿಲ್ಲ... ಹೇಳದಿದ್ದರೆ ನಾನು ಉಳಿಯುವುದಿಲ್ಲ. ಯಾವ ಕಡೆಗೂ ದಾರಿಯಿಲ್ಲ.

"ಅಪ್ಪಾ... ಅವರನ್ನ ಬರಬ್ಯಾಡ ಅನ್ರಿ. ನನ್ನ ಮನಸಿನ್ಯಾಗ ಒಬ್ರು ಅದಾರ."

ಅವ್ವ ಒಳಗಿನಿಂದ ಓಡಿ ಬಂದಳು. "ಏ! ಆಣಿ ಮರತಿ ಏನ? ಅಪ್ಪನ್ನ ಕೊಲ್ಲಾಕ ನಿಂತೀ ಏನ?"

ಶೈಲಾ ಕಣ್ಣು ಮುಚ್ಚಿಕೊಂಡಳು. ಏನಾದರೂ ಆಗಿಬಿಡುತ್ತದೆ... ಈಗ... ಈಗ...

ತಲೆಯ ಮೇಲೆ ಒಂದು ಕೈ ಬಿತ್ತು. ಅಪ್ಪನ ಎಡಗೈ.

"ಶಿರಿದೇವಿ..." ಅಪ್ಪನ ತುಟಿ ಓರೆಯಾಗಿ ಒದ್ದಾಡಿತು. "ಹೇಳದಂಗ... ಹೋದ್ಲು."

ಒಂದೊಂದು ಶಬ್ದಕ್ಕೂ ಅವರು ಬೆವರುತ್ತಿದ್ದರು.

"ಅದಕ್ಕ... ಎದಿ ಒಡೀತು. ನೀ... ಹೇಳಿದಿ."

ಕಣ್ಣೀರು ಅವರ ಬಿಳಿ ಗಡ್ಡದೊಳಗೆ ಇಳಿಯಿತು. ಅವ್ವ ಕಂಬಕ್ಕೆ ಒರಗಿ ಕುಸಿದಳು. ಇಷ್ಟು ವರ್ಷ ಯಾರೂ ಅಪ್ಪನನ್ನು ಕೇಳಿಯೇ ಇರಲಿಲ್ಲ!

ಅಪ್ಪ ಮತ್ತೆ ಬಾಯಿ ತೆರೆದರು.

"ಕರಕೊಂಡ... ಬಾ. ನೋಡೂಣು."

ಸೋಮವಾರ ಶೈಲಾ ರೈಲು ಹತ್ತಿದಳು. ರಾಣೆಬೆನ್ನೂರಿಗಲ್ಲ, ಹಾವೇರಿಗೆ. ಕೋರ್ಟಿನ ಆವರಣದಲ್ಲಿ ಕಕ್ಷಿದಾರರ ಗದ್ದಲ. ಕರಿ ಕೋಟುಗಳ ನಡುವೆ ಅವನನ್ನು ಹುಡುಕಿದಳು. ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಅವಳನ್ನು ಕಂಡವನೇ ಎದ್ದು ನಿಂತ.

"ನೀವು... ಇಲ್ಲಿ? ನಿನ್ನೆ ಅವರು ಬಂದಿದ್ರ?"

"ಬರಲಿಲ್ಲ. ಅಪ್ಪ ಬರಬ್ಯಾಡ ಅಂತ ಹೇಳಿ ಕಳಿಸಿದ್ರು. ನೀವು ಬರದದ್ದು ಓದಿ, ಮನ್ಯಾಗ ನಾ ಎಲ್ಲಾ ಹೇಳೇನಿ."

"ಒಪ್ಯಾರ?"

"ಒಪ್ಪಿಲ್ಲ. ಅವ್ವ ನನ್ನ ಕೂಡ ಮಾತು ಬಿಟ್ಟಾಳ. ಅಪ್ಪ ಕರಕೊಂಡ ಬಾ ಅಂದಾರ... ಅಷ್ಟ. ಮುಂದ ಏನಾಗತೈತೋ ನಂಗೂ ಗೊತ್ತಿಲ್ಲ."

"ಅವರ ಮುಂದ ನಾ ಏನ್ ಮಾತಾಡ್ಲಿ?"

"ಏನೂ ಮಾತಾಡಬ್ಯಾಡ್ರಿ. ಅಪ್ಪ ಒಂದೊಂದ ಮಾತಿಗೂ ಭಾಳ ಹೊತ್ತು ತಗೋತಾರ. ಲಗೂ ಮಾಡಬ್ಯಾಡ್ರಿ, ಕಾಯ್ರಿ."

"ಕಾಯ್ತೀನಿ. ಎಷ್ಟ ಹೊತ್ತಾದ್ರೂ ಕಾಯ್ತೀನಿ." ಅವನು ಒಂದು ಮೆಟ್ಟಿಲು ಕೆಳಗಿಳಿದು ಹತ್ತಿರ ಬಂದ. "ಶೈಲಾ..."

'ರೀ' ಇಲ್ಲದೆ ಅವನು ಕರೆದದ್ದು ಅದೇ ಮೊದಲು. ಅವಳು ತಲೆ ತಗ್ಗಿಸಿದಳು.

"ಹೂಂ?"

"ಊಟ ಮಾಡಿದಿ ಏನ?"

ಎಲ್ಲಿತ್ತೋ ಅಳು, ಉಕ್ಕಿ ಬಂದುಬಿಟ್ಟಿತು.

"ಇಲ್ಲ... ನಿನ್ನೆಯಿಂದ ಇಲ್ಲ."

"ನಾನೂ ಇಲ್ಲ." ಅವನು ಅವಳ ಬ್ಯಾಗು ತನ್ನ ಹೆಗಲಿಗೆ ಹಾಕಿಕೊಂಡ. "ನಡಿ, ಇಬ್ರೂ ಕೂಡಿ ಉಣ್ಣೂಣು."